ಎಂಬೆಡ್ ಕಂಟ್ರೋಲರ್ ಕಿತ್ತು ಟ್ವಿಗ್ ಕಾಂಪೊನೆಂಟ್ ಹಾಕಿದ್ದು: ಒಂದು ಪುಸ್ತಕದ ಸೈಟಿನ ರಿಪೇರಿ ಲಾಗ್

ಸೈಟು ಒಂದು ಚಿಕ್ಕ ಪ್ರಕಾಶನದವರದ್ದು, ಕನ್ನಡ ಪುಸ್ತಕ ಮಾರ್ತಾರೆ. ಸಿಂಫನಿ 6.4 (ಪಿಎಚ್‌ಪಿಯ ಒಂದು ವೆಬ್ ಫ್ರೇಮ್‌ವರ್ಕ್), ಪಿಎಚ್‌ಪಿ 8.2, ಪೇಜಿನ ಟೆಂಪ್ಲೇಟ್ ಬರೆಯೋಕೆ ಟ್ವಿಗ್, ಡೇಟಾಬೇಸ್ ಜೊತೆ ಮಾತಾಡೋಕೆ ಡಾಕ್ಟ್ರಿನ್, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಎಲ್ಲಾ ಒಂದೇ ವಿಪಿಎಸ್ (ಬಾಡಿಗೆ ಸರ್ವರ್) ಮೇಲೆ. ಕೋಡು ಸಿಂಫನಿ 2ರ ಕಾಲದಿಂದ ಎಳ್ಕೊಂಡು ಬಂದಿರೋದು, ನನ್ನ ಕೈಗೆ ಬರೋ ಮುಂಚೆ ಬೇರೆ ಬೇರೆಯವರು ಕೈಯಾಡಿಸಿದ್ದಾರೆ. ವರ್ಷವೆಲ್ಲಾ ತಣ್ಣಗಿರತ್ತೆ, ನವೆಂಬರ್ ಬಂತು ಅಂದ್ರೆ ರಾಜ್ಯೋತ್ಸವದ ರಿಯಾಯಿತಿ, ಆಗ ಪುಸ್ತಕದ ಪಟ್ಟಿ ಪೇಜು ಏದುಸಿರು ಬಿಡೋಕೆ ಶುರು ಮಾಡತ್ತೆ. ಈ ಸಲ ನವೆಂಬರ್ ಬರೋ ಮುಂಚೆ ಅದನ್ನ ಸರಿ ಮಾಡ್ಬೇಕು ಅಂತ ಕೂತೆ, ಅದರ ಲಾಗ್ ಇದು. ಕಂಟ್ರೋಲರ್ ಅಂದ್ರೆ ರಿಕ್ವೆಸ್ಟಿಗೆ ಉತ್ತರ ಕೊಡೋ ಕೋಡು; ಅದನ್ನ ಟೆಂಪ್ಲೇಟಿನ ಒಳಗಿಂದಲೇ ಕರೆದು ಪೇಜಿನ ಒಂದು ತುಂಡು ತುಂಬಿಸಿದ್ರೆ ಎಂಬೆಡ್ ಕಂಟ್ರೋಲರ್. ಟ್ವಿಗ್ ಕಾಂಪೊನೆಂಟ್ ಅಂದ್ರೆ ಅದೇ ತುಂಡಿಗೆ ಒಂದು ಪುಟ್ಟ ಕ್ಲಾಸ್, ಜೊತೆಗೊಂದು ಟೆಂಪ್ಲೇಟ್. ಕೋಡ್ ಅಂಟಿಸ್ತಿಲ್ಲ, ಫೋನಲ್ಲಿ ಸಾಲು ಮುರ್ಕೊಂಡು ಗಲೀಜಾಗತ್ತೆ, ಹೆಸರುಗಳನ್ನ ಹೇಳ್ತಾ ಹೋಗ್ತೀನಿ, ಸಿಂಫನಿ ಮುಟ್ಟಿದವರಿಗೆ ಗೊತ್ತಾಗತ್ತೆ.

ಹಂತ 1: ಏನಿದೆ ಅಂತ ಎಣಿಸಿದ್ದು

ಟೆಂಪ್ಲೇಟ್ ಫೋಲ್ಡರಲ್ಲಿ ಗ್ರೆಪ್ (ಪದ ಹುಡುಕೋ ಕಮಾಂಡ್) ಹೊಡೆದೆ. ಟ್ವಿಗ್ ಒಳಗೆ ರೆಂಡರ್ ಫಂಕ್ಷನ್, ಅದರ ಒಳಗೆ ಕಂಟ್ರೋಲರ್ ಫಂಕ್ಷನ್, ಅದಕ್ಕೊಂದು ಕಂಟ್ರೋಲರ್ ಹೆಸರು, ಇದು ಸಿಂಫನಿ 2.2ರಲ್ಲಿ, ಅಂದ್ರೆ 2013ರಲ್ಲಿ ಬಂದ ಬರವಣಿಗೆ. ಅದನ್ನ ಮಾತ್ರ ಹುಡುಕಿದ್ರೆ ಸಾಲಲ್ಲ. ರೆಂಡರ್ ಒಳಗೆ ಪಾತ್ ಅಥವಾ ಯುಆರ್‌ಎಲ್ ಕೊಟ್ಟಿರೋದೂ ಇರತ್ತೆ, ಅದೂ ಇದೇ ಕೆಲಸ ಮಾಡೋದು. ರೆಂಡರ್ ಇಎಸ್‌ಐ ಅನ್ನೋ ಅದರ ತಮ್ಮನೂ ಒಂದು ಕಡೆ ಸಿಕ್ಕಿದ, ತುಂಡನ್ನ ಬೇರೆಯಾಗಿ ಕ್ಯಾಶ್ ಮಾಡೋಕೆ, ಅಂದ್ರೆ ಒಮ್ಮೆ ಮಾಡಿದ್ದನ್ನ ಸ್ವಲ್ಪ ಹೊತ್ತು ಇಟ್ಕೊಳ್ಳೋಕೆ ಇರೋದು ಅದು.

ಪಟ್ಟಿ ಪೇಜ್ ಒಂದರ ಲೆಕ್ಕ ಹೀಗಿತ್ತು. ಮೇಲೆ ಮೆನು, ಕಾರ್ಟಲ್ಲಿ ಎಷ್ಟು ಪುಸ್ತಕ ಅನ್ನೋ ನಂಬರ್, ಪಕ್ಕದಲ್ಲಿ ಹೊಸ ಪುಸ್ತಕಗಳು, ಕೆಳಗೆ ಈಮೇಲ್ ಕೊಡಿ ಅನ್ನೋ ಫಾರ್ಮ್, ಅದರ ಪಕ್ಕ ಕೊರಿಯರ್ ಸೂಚನೆ, ಒಟ್ಟು ಐದು. ಇದರ ಮೇಲೆ ಪೇಜಿಗೆ 20 ಪುಸ್ತಕ, ಒಂದೊಂದು ಪುಸ್ತಕದ ಬೆಲೆ ಮತ್ತು ಸ್ಟಾಕ್ ತೋರಿಸೋಕೆ ಒಂದೊಂದು ಕಂಟ್ರೋಲರ್ ಕಾಲ್. ಒಟ್ಟು 25. ಪ್ರೊಫೈಲರಿನ (ಪೇಜ್ ಓಡೋವಾಗ ಒಳಗೆ ಏನಾಯ್ತು ಅಂತ ತೋರಿಸೋ ಸಿಂಫನಿ ಟೂಲು) ಪರ್ಫಾರ್ಮೆನ್ಸ್ ಪ್ಯಾನಲ್ ತೆಗೆದ್ರೆ ಸಬ್‌ರಿಕ್ವೆಸ್ಟ್ ಅನ್ನೋ ಜಾಗದಲ್ಲೂ ಅದೇ 25.

ಸಬ್‌ರಿಕ್ವೆಸ್ಟ್ ಅಂದ್ರೆ ನೆಟ್‌ವರ್ಕ್ ಮೇಲೆ ಹೋಗೋದಲ್ಲ, ಅದೇ ಪಿಎಚ್‌ಪಿ ಪ್ರೋಸೆಸ್ ಒಳಗೇ ಹೊಸದಾಗಿ ಒಂದು ರಿಕ್ವೆಸ್ಟ್ ಆಬ್ಜೆಕ್ಟ್ ಹುಟ್ಟಿಸಿ ಎಚ್‌ಟಿಟಿಪಿ ಕರ್ನಲ್‌ಗೆ ಕೊಡೋದು. ಕರ್ನಲ್ ರಿಕ್ವೆಸ್ಟ್ ಇವೆಂಟ್, ಕಂಟ್ರೋಲರ್ ಇವೆಂಟ್, ಆರ್ಗ್ಯುಮೆಂಟ್ ಹೊಂದಿಸೋದು, ರೆಸ್ಪಾನ್ಸ್ ಇವೆಂಟ್, ಎಲ್ಲಾ ಮೊದಲಿಂದ. ಪ್ರತಿ ಎಲೆಗೂ ಒಂದೊಂದು ಸೌಟು ಸಾರು ಬಡಿಸೋಕೆ ಪ್ರತಿ ಸಲ ಒಲೆ ಹಚ್ಚಿ ಬೇಳೆ ಬೇಯಿಸಿದಂಗೆ. ಒಂದೆರಡು ಇದ್ರೆ ಯಾರಿಗೂ ಗೊತ್ತಾಗಲ್ಲ, ಲೂಪ್ ಒಳಗೆ ಹಾಕಿದ್ರೆ ಮಾತ್ರ ಕಥೆ ಬೇರೆ. ಸಿಂಫನಿ ಡಾಕ್ಯುಮೆಂಟೇಶನ್ ಕೂಡ ಇದನ್ನ ಜಾಸ್ತಿ ಹಾಕಿದ್ರೆ ಪರ್ಫಾರ್ಮೆನ್ಸ್ ಹೊಡೆತ ಬೀಳತ್ತೆ ಅಂತ ಎಚ್ಚರಿಕೆ ಕೊಟ್ಟಿದೆ.

ಒಂದು ಮಾತು, ಡೆವ್ ಮೋಡಲ್ಲಿ (ಕೋಡ್ ಬರೆಯೋವಾಗಿನ ಮೋಡು) ಕಾಣೋ ಮಿಲಿಸೆಕೆಂಡ್ ನೋಡಿ ಲೆಕ್ಕ ಹಾಕ್ಬೇಡಿ. ಪ್ರೊಫೈಲರ್ ಪ್ರತಿ ಸಬ್‌ರಿಕ್ವೆಸ್ಟಿಗೂ ತನ್ನ ಡೇಟಾ ಕಲೆಕ್ಟ್ ಮಾಡ್ತಾ ಕೂರತ್ತೆ, ಅದರ ತೂಕಾನೇ ಜಾಸ್ತಿ ಆಗ್ಬಿಡತ್ತೆ. ಡೆವ್‌ನಲ್ಲಿ ಎಣಿಕೆ ನೋಡಿ, ಟೈಮ್ ಮಾತ್ರ ಪ್ರಾಡ್ ಮೋಡಲ್ಲಿ (ಲೈವ್ ಸೈಟ್ ಓಡೋ ಮೋಡು) ಇರೋ ಸ್ಟೇಜಿಂಗ್ ಮೇಲೆ, ಅಂದ್ರೆ ಲೈವ್‌ಗೆ ಮುಂಚೆ ಪರೀಕ್ಷೆ ಮಾಡೋ ಕಾಪಿ ಮೇಲೆ ಅಳೀರಿ.

ಹಂತ 2: ಮುಟ್ಟೋ ಮುಂಚೆ ಫೋಟೋ

ಹೊಸ ಬ್ರಾಂಚ್ ತೆಗೆದೆ. ಆಮೇಲೆ ಸ್ಟೇಜಿಂಗ್‌ನಿಂದ ಮುಖ್ಯ ಪೇಜುಗಳ ಎಚ್‌ಟಿಎಂಎಲ್ ಪೂರ್ತಿ ಕರ್ಲ್‌ನಲ್ಲಿ ಇಳಿಸಿ ಒಂದು ಫೋಲ್ಡರಿಗೆ ಹಾಕಿಟ್ಟೆ: ಮುಖಪುಟ, ಪಟ್ಟಿ, ಒಂದು ಪುಸ್ತಕದ ಪೇಜ್, ಕಾರ್ಟ್. ಇದನ್ನ ಮೂರು ಥರ ಇಳಿಸಿದೆ, ಲಾಗಿನ್ ಇಲ್ಲದೆ ಒಂದು ಸಲ, ಮಾಮೂಲಿ ಗಿರಾಕಿಯಾಗಿ ಒಂದು ಸಲ, ಅಂಗಡಿಯವರ ಲಾಗಿನ್‌ನಲ್ಲಿ ಒಂದು ಸಲ. ಅಂಗಡಿಯವರು ಅಂದ್ರೆ ಇವರಿಂದ ಪುಸ್ತಕ ತಗೊಂಡು ಮಾರೋ ಬೇರೆ ಊರಿನ ಪುಸ್ತಕದಂಗಡಿಗಳು, ಅವರಿಗೆ ಹೋಲ್‌ಸೇಲ್ ರೇಟು ಬೇರೆ ಕಾಣತ್ತೆ. ಸಿಎಸ್‌ಆರ್‌ಎಫ್ ಟೋಕನ್ (ಫಾರ್ಮಿನ ಭದ್ರತೆಯ ಗುಟ್ಟು ಅಕ್ಷರಗಳು) ಸಾಲು ಪ್ರತಿ ಸಲ ಬದಲಾಗತ್ತೆ, ಅದನ್ನ ಸೆಡ್ ಕಮಾಂಡಲ್ಲಿ ತೆಗೆದು ಹಾಕಿದೆ, ಇಲ್ದಿದ್ರೆ ಡಿಫ್ (ಎರಡು ಫೈಲಿನ ವ್ಯತ್ಯಾಸ) ನೋಡಿದಾಗೆಲ್ಲಾ ಅದೇ ಕಣ್ಣಿಗೆ ಹೊಡೆಯತ್ತೆ.

ಈ ಸೈಟಿಗೆ ಟೆಸ್ಟ್ ಅಂತ ಹೇಳ್ಕೊಳ್ಳೋ ಥರ ಏನೂ ಇರಲಿಲ್ಲ. ಇಂಥ ಕಡೆ ಮೊದಲು ಹೀಗಿತ್ತು ಈಗ ಹೀಗಿದೆ ಅನ್ನೋ ಡಿಫ್‌ಗಿಂತ ಅಗ್ಗದ ಟೆಸ್ಟ್ ಇನ್ನೊಂದಿಲ್ಲ. ಇದು ನನ್ನ ಮಾನ ಉಳಿಸಿದ್ದು ಹಂತ 6ರಲ್ಲಿ.

ಇನ್‌ಸ್ಟಾಲ್ ಬಗ್ಗೆ ಹೇಳೋಕೆ ಏನಿಲ್ಲ, ಕಂಪೋಸರ್‌ನಲ್ಲಿ (ಪಿಎಚ್‌ಪಿ ಪ್ಯಾಕೇಜ್ ಹಾಕೋ ಟೂಲು) ಸಿಂಫನಿ ಯುಎಕ್ಸ್ ಟ್ವಿಗ್ ಕಾಂಪೊನೆಂಟ್ ಪ್ಯಾಕೇಜ್ ಹಾಕಿದೆ, ಅದರ ಜೊತೆಗಿರೋ ಸಿಂಫನಿ ಫ್ಲೆಕ್ಸ್ ತಾನೇ ಕಾನ್ಫಿಗ್ ಫೈಲ್ ಇಟ್ಕೊಳ್ತು. ಕ್ಲಾಸುಗಳು ಎಸ್‌ಆರ್‌ಸಿ ಒಳಗೆ ಟ್ವಿಗ್, ಅದರೊಳಗೆ ಕಾಂಪೊನೆಂಟ್ಸ್ ಫೋಲ್ಡರ್, ಟೆಂಪ್ಲೇಟುಗಳು ಟೆಂಪ್ಲೇಟ್ಸ್ ಒಳಗೆ ಕಾಂಪೊನೆಂಟ್ಸ್. ಖರ್ಚು ಸೊನ್ನೆ, ಎಂಐಟಿ ಲೈಸೆನ್ಸ್. ಜಾವಾಸ್ಕ್ರಿಪ್ಟ್ ಏನೂ ಬೇಕಿಲ್ಲ, ಲೈವ್ ಕಾಂಪೊನೆಂಟ್ ಅನ್ನೋದು ಬೇರೆ ಪ್ಯಾಕೇಜ್, ಅದರ ತಂಟೆಗೇ ಹೋಗಿಲ್ಲ.

ಹಂತ 3: ಹೊಸ ಪುಸ್ತಕಗಳು

ಸುಲಭದ್ದು ಮೊದಲು. ಹಳೇ ಕಂಟ್ರೋಲರ್ ಮಾಡ್ತಿದ್ದದ್ದು ಇಷ್ಟೇ: ರೆಪಾಸಿಟರಿ (ಡೇಟಾಬೇಸಿಂದ ತಂದು ಕೊಡೋ ಕ್ಲಾಸ್) ಕೇಳು, ಐದು ಪುಸ್ತಕ ತಗೋ, ಟೆಂಪ್ಲೇಟಿಗೆ ಕೊಡು. ಈಗ ಅದೇ ಒಂದು ಪುಟ್ಟ ಕ್ಲಾಸ್, ಮೇಲೆ ಆ್ಯಸ್ ಟ್ವಿಗ್ ಕಾಂಪೊನೆಂಟ್ ಅನ್ನೋ ಆ್ಯಟ್ರಿಬ್ಯೂಟ್, ಕನ್‌ಸ್ಟ್ರಕ್ಟರಲ್ಲಿ ರೆಪಾಸಿಟರಿ, ಲಿಮಿಟ್ ಅನ್ನೋ ಪಬ್ಲಿಕ್ ಪ್ರಾಪರ್ಟಿ ಡಿಫಾಲ್ಟ್ 5, ಮತ್ತೆ ಗೆಟ್‌ಬುಕ್ಸ್ ಅನ್ನೋ ಒಂದು ಮೆಥಡ್. ಕಾಂಪೊನೆಂಟ್ ಕೂಡ ಸರ್ವೀಸೇ ಆಗಿರೋದ್ರಿಂದ ಆಟೋವೈರಿಂಗ್ (ಕನ್‌ಸ್ಟ್ರಕ್ಟರ್ ಕೇಳಿದ್ದನ್ನ ಸಿಂಫನಿ ತಾನೇ ತಂದು ಕೊಡೋದು) ಹಾಗೇ ನಡೆಯತ್ತೆ, ಆದ್ರೆ ಶೇರ್ಡ್ ಅಲ್ಲ, ಕರೆದಾಗೆಲ್ಲಾ ಹೊಸ ಆಬ್ಜೆಕ್ಟ್ ಸಿಗತ್ತೆ, ಹಿಂದಿನದರ ಲಿಮಿಟ್ ಮುಂದಿನದಕ್ಕೆ ಅಂಟ್ಕೊಳ್ಳಲ್ಲ.

ಟೆಂಪ್ಲೇಟಲ್ಲಿ ಮೊದಲು ದಿಸ್ ಡಾಟ್ ಬುಕ್ಸ್ ಖಾಲಿನಾ ಅಂತ ಒಂದು ಇಫ್, ಆಮೇಲೆ ಅದರ ಮೇಲೇ ಫಾರ್ ಲೂಪ್. ಡಿಫ್ ಕ್ಲೀನ್. ಆದ್ರೆ ಪ್ರೊಫೈಲರಲ್ಲಿ ಅದೇ ಕ್ವೆರಿ ಎರಡು ಸಲ. ದಿಸ್ ಅಂದ್ರೆ ಕಾಂಪೊನೆಂಟ್ ಆಬ್ಜೆಕ್ಟೇ, ಅದರ ಮೆಥಡ್ ಎಷ್ಟು ಸಲ ಕೇಳ್ತೀರೋ ಅಷ್ಟು ಸಲ ಓಡತ್ತೆ. ದಿಸ್ ಜಾಗದಲ್ಲಿ ಕಂಪ್ಯೂಟೆಡ್ ಅಂತ ಬರೆದ್ರೆ ಮೊದಲ ಸಲದ ಉತ್ತರಾನೇ ಇಟ್ಕೊಂಡು ಮುಂದಕ್ಕೆ ಕೊಡತ್ತೆ, ಕ್ವೆರಿ ಒಂದಕ್ಕೆ ಇಳೀತು.

ಹಂತ 4: 20 ಕಾರ್ಡು

ಸೈಟನ್ನ ತಿಂತಿದ್ದದ್ದು ಇದೇ. ಹಳೇ ಲೂಪಲ್ಲಿ ಪ್ರತಿ ಪುಸ್ತಕದ ಐಡಿ ಕೊಟ್ಟು ಬೆಲೆ ಕಂಟ್ರೋಲರ್ ಕರೀತಿದ್ರು. ಪುಸ್ತಕದ ಆಬ್ಜೆಕ್ಟ್ ಹೇಗೂ ಪಟ್ಟಿ ಕ್ವೆರಿಯಲ್ಲಿ ಬಂದಿರತ್ತೆ, ಹಾಗಾಗಿ ಐಡಿಯಿಂದ ಫೈಂಡ್ ಮಾಡಿದ್ರೆ ಡಾಕ್ಟ್ರಿನ್ ತನ್ನ ಐಡೆಂಟಿಟಿ ಮ್ಯಾಪಿಂದ (ಆಗಲೇ ತಂದ ಆಬ್ಜೆಕ್ಟುಗಳ ಪಟ್ಟಿ) ಎತ್ತಿ ಕೊಡತ್ತೆ, ಅದಕ್ಕೆ ಕ್ವೆರಿ ಇಲ್ಲ. ಸ್ಟಾಕಿಗೆ ಮಾತ್ರ ಪುಸ್ತಕಕ್ಕೊಂದು ಕ್ವೆರಿ, ರಿಯಾಯಿತಿಗೆ ಇನ್ನೊಂದು. 20 ಪುಸ್ತಕಕ್ಕೆ 40.

ಕಂಟ್ರೋಲರ್ ಜಾಗದಲ್ಲಿ ಕಾಂಪೊನೆಂಟ್ ಕೂರಿಸಿ, ಸ್ಟಾಕ್ ರೆಪಾಸಿಟರಿಯನ್ನ ಅದರ ಕನ್‌ಸ್ಟ್ರಕ್ಟರಿಗೆ ಕೊಟ್ಟು ನೋಡಿದೆ. ಸಬ್‌ರಿಕ್ವೆಸ್ಟ್ 20 ಹೋಯ್ತು, ಕ್ವೆರಿ 40 ಹಾಗೇ ಉಳೀತು. ಇದನ್ನ ಒತ್ತಿ ಹೇಳ್ತೀನಿ, ಯಾಕಂದ್ರೆ ತುಂಬಾ ಜನ ಕಾಂಪೊನೆಂಟ್ ಹಾಕಿದ ತಕ್ಷಣ ಎಲ್ಲಾ ಸರಿಹೋಗತ್ತೆ ಅಂದ್ಕೋತಾರೆ. ಲೂಪ್ ಒಳಗಿನ ಕ್ವೆರಿ ಎಲ್ಲಿ ಬರೆದ್ರೂ ಲೂಪ್ ಒಳಗಿನ ಕ್ವೆರಿನೇ. ಆಮೇಲೆ ಕಾರ್ಡ್ ಕಾಂಪೊನೆಂಟಿಂದ ರೆಪಾಸಿಟರಿ ಪೂರ್ತಿ ಕಿತ್ತು ಹಾಕಿದೆ. ಪೇಜಿನ ಮುಖ್ಯ ಕಂಟ್ರೋಲರೇ 20 ಐಡಿ ಒಟ್ಟಿಗೆ ಕೊಟ್ಟು ಸ್ಟಾಕ್ ಒಂದು ಕ್ವೆರಿಯಲ್ಲಿ, ರಿಯಾಯಿತಿ ಒಂದು ಕ್ವೆರಿಯಲ್ಲಿ ತರತ್ತೆ, ಐಡಿ ಕೀ ಆಗಿರೋ ಅರೇ ಮಾಡಿ ಟೆಂಪ್ಲೇಟಿಗೆ ಕಳಿಸತ್ತೆ, ಕಾರ್ಡಿಗೆ ಪುಸ್ತಕ, ಸ್ಟಾಕ್, ರಿಯಾಯಿತಿ ಮೂರನ್ನೂ ಪ್ರಾಪ್ (ಕಾಂಪೊನೆಂಟಿಗೆ ಹೊರಗಿಂದ ಕೊಡೋ ಮಾಹಿತಿ) ಆಗಿ ಕೊಡ್ತೀನಿ. 40 ಇದ್ದದ್ದು 2 ಆಯ್ತು. ಪೇಜು ಹಗುರ ಆಗಿದ್ದರಲ್ಲಿ ದೊಡ್ಡ ಪಾಲು ಇದರದ್ದೇ ಅಂತ ನನ್ನ ಅಂದಾಜು, ಕಾಂಪೊನೆಂಟಿಗೆ ಪೂರ್ತಿ ಕ್ರೆಡಿಟ್ ಕೊಡೋಕೆ ನಾನು ತಯಾರಿಲ್ಲ.

ಕಾರ್ಡಲ್ಲಿ ಸಿಕ್ಕ ಎರಡು ಮುಳ್ಳು. ಸೈಡ್‌ಬಾರಲ್ಲಿ ಅದೇ ಕಾರ್ಡ್ ಚಿಕ್ಕದಾಗಿ ಬೇಕಿತ್ತು, ಅದಕ್ಕೆ ಕಾಂಪ್ಯಾಕ್ಟ್ ಅನ್ನೋ ಬೂಲ್ (ಟ್ರೂ ಇಲ್ಲಾ ಫಾಲ್ಸ್) ಪ್ರಾಪರ್ಟಿ. ಪಟ್ಟಿ ಪೇಜಲ್ಲಿ ಎಚ್‌ಟಿಎಂಎಲ್ ಥರದ ಟ್ಯಾಗಲ್ಲಿ ಕಾಂಪ್ಯಾಕ್ಟ್ ಈಕ್ವಲ್ಸ್ ಕೋಟ್ ಒಳಗೆ ಫಾಲ್ಸ್ ಅಂತ ಬರೆದ್ರೆ ಕಾರ್ಡೆಲ್ಲಾ ಚಿಕ್ಕದಾಗಿ ಕೂತ್ವು. ಮುಂದೆ ಕೋಲನ್ ಇಲ್ದಿದ್ರೆ ಅದು ಬರೀ ಸ್ಟ್ರಿಂಗ್, ಖಾಲಿ ಇಲ್ಲದ ಸ್ಟ್ರಿಂಗನ್ನ (ಬರೀ 0 ಅಂತಿರೋದೊಂದು ಬಿಟ್ಟು) ಪಿಎಚ್‌ಪಿ ಬೂಲ್ ಮಾಡಿದ್ರೆ ಟ್ರೂ, ಒಳಗೆ ಫಾಲ್ಸ್ ಅಂತ ಬರೆದಿದ್ರೂ ಟ್ರೂನೇ. ಹೆಸರಿನ ಮುಂದೆ ಕೋಲನ್ ಹಾಕಿದ್ರೆ ಟ್ವಿಗ್ ಎಕ್ಸ್‌ಪ್ರೆಶನ್ ಆಗತ್ತೆ, ಆಗ ಸರಿ. ನಂಬರ್ ಆದ್ರೆ ಕೋಟ್ ಒಳಗಿನ 5 ಕೂಡ ಇಂಟಿಜರ್ ಆಗಿ ಇಳ್ಕೊಳ್ಳತ್ತೆ, ಅದಕ್ಕೇ ಬೂಲಲ್ಲಿ ಎಡವೋದು.

ಇನ್ನೊಂದು, ಪ್ರಾಪ್ ಹೆಸರಲ್ಲಿ ಸ್ಪೆಲಿಂಗ್ ತಪ್ಪಿದ್ರೆ ಎರರ್ ಬರಲ್ಲ. ಕ್ಲಾಸಲ್ಲಿ ಇಲ್ಲದ ಹೆಸರೆಲ್ಲಾ ಆ್ಯಟ್ರಿಬ್ಯೂಟ್ಸ್ ಅನ್ನೋ ಚೀಲಕ್ಕೆ ಹೋಗಿ ಬೀಳತ್ತೆ, ಟೆಂಪ್ಲೇಟಲ್ಲಿ ಆ ಚೀಲ ಪ್ರಿಂಟ್ ಮಾಡಿದ್ರೆ ಡಿವ್ ಟ್ಯಾಗ್ ಮೇಲೆ ಕೂರತ್ತೆ, ಮಾಡದಿದ್ರೆ ಸದ್ದಿಲ್ಲದೆ ಮಾಯ. ಕ್ಲಾಸ್, ಐಡಿ, ಡೇಟಾ ಅಂತೆಲ್ಲಾ ಹೊರಗಿಂದ ಹಾಕೋಕೆ ಇದು ತುಂಬಾ ಅನುಕೂಲ. ಆದ್ರೆ ಡಿಸ್ಕೌಂಟ್ ಪ್ರಾಪಲ್ಲಿ ಒಂದಕ್ಷರ ಬಿಟ್ರೆ ರಿಯಾಯಿತಿ ಇಲ್ಲದ ಬೆಲೆ ತೋರಿಸ್ಕೊಂಡು ಕೂತಿರತ್ತೆ, ನವೆಂಬರಲ್ಲಿ ಅದು ಹೊರಗೆ ಹೋಗಿದ್ರೆ ಫೋನ್ ನಿಲ್ತಾನೇ ಇರ್ಲಿಲ್ಲ. ಡಿಸ್ಕೌಂಟಿಗೆ ಡಿಫಾಲ್ಟ್ ತೆಗೆದೆ, ಕೊಡದಿದ್ರೆ ಕ್ಲಾಸ್ ಒಳಗೆ ಅದನ್ನ ಓದೋಕೆ ಹೋದಾಗ ಟೈಪ್ಡ್ ಪ್ರಾಪರ್ಟಿ ಇನಿಶಿಯಲೈಸ್ ಆಗಿಲ್ಲ ಅಂತ ಜೋರಾಗಿ ಕೂಗ್ಲಿ ಅಂತ.

ಹಂತ 5: ಮೆನು, ಕಾರ್ಟ್, ಈಮೇಲ್ ಫಾರ್ಮ್

ಮೆನು ಮಾಡಿದ್ದು ಖುಷಿ ಕೊಡ್ತು. ಸಬ್‌ರಿಕ್ವೆಸ್ಟ್ ಒಳಗೆ ಆ್ಯಪ್ ಡಾಟ್ ರಿಕ್ವೆಸ್ಟ್ ಅಂದ್ರೆ ಆ ಸಬ್‌ರಿಕ್ವೆಸ್ಟೇ, ಅದಕ್ಕೆ ರೂಟ್ ಹೆಸರಿಲ್ಲ, ಹಾಗಾಗಿ ಈಗ ಯಾವ ಪೇಜಲ್ಲಿದೀವಿ ಅಂತ ಮೆನುಗೆ ತಿಳಿಸೋಕೆ ಹಿಂದಿನವರು ಪ್ರತಿ ಟೆಂಪ್ಲೇಟಿಂದ ರೂಟ್ ಹೆಸರನ್ನ ಕೈಯಲ್ಲಿ ಹೊತ್ಕೊಂಡು ಬಂದಿದ್ರು. ಕಾಂಪೊನೆಂಟ್ ಮುಖ್ಯ ರಿಕ್ವೆಸ್ಟ್ ಒಳಗೇ ಓಡೋದ್ರಿಂದ ಆ್ಯಪ್ ಡಾಟ್ ಕರೆಂಟ್ ರೂಟ್ ಅಂದ್ರೆ ಸಾಕು, 6.2ರಿಂದ ಇದೆ. ಹೊತ್ಕೊಂಡು ಬರ್ತಿದ್ದ ಸಾಲುಗಳೆಲ್ಲಾ ಡಿಲೀಟ್. ಕಾರ್ಟ್ ನಂಬರಿಗೆ ಕ್ಲಾಸಲ್ಲಿ ಕಾರ್ಟ್ ಸರ್ವೀಸ್ ಕರೆದದ್ದು ಬಿಟ್ರೆ ಏನಿಲ್ಲ.

ಈಮೇಲ್ ಫಾರ್ಮಿಗೆ ಸ್ವಲ್ಪ ಇತಿಹಾಸ ಇದೆ. ಹಳೇ ಕೋಡಲ್ಲಿ ಕಾಮೆಂಟ್ ಮಾಡಿಟ್ಟ ಒಂದು ತುಂಡು ಸಿಕ್ತು, ಯಾರೋ ಎಂಬೆಡ್ ಕಂಟ್ರೋಲರಲ್ಲೇ ಫಾರ್ಮ್ ಸಬ್ಮಿಟ್ ಹ್ಯಾಂಡಲ್ ಮಾಡಿ ರೀಡೈರೆಕ್ಟ್ ಕೊಡೋಕೆ ಹೋಗಿದ್ರು. ಅದು ನಡೆಯಲ್ಲ. ಒಳಗಿನ ರಿಕ್ವೆಸ್ಟ್ ಯಾವಾಗ್ಲೂ ಗೆಟ್ (ಬರೀ ಪೇಜು ಕೇಳೋದು) ಆಗಿ ಹುಟ್ಟತ್ತೆ, ಹೊರಗೆ ಪೋಸ್ಟ್ (ಫಾರ್ಮ್ ಕಳಿಸೋದು) ಬಂದಿದ್ರೂ ಸಹ. ಏನೋ ಸರ್ಕಸ್ ಮಾಡಿ ರೀಡೈರೆಕ್ಟ್ ವಾಪಸ್ ಕೊಟ್ರೂ, ರೆಂಡರ್ ಮಾಡೋವಾಗ ಎರರ್, ಸ್ಟೇಟಸ್ ಕೋಡ್ 302 ಅಂತ ಬಂದು ಪೇಜೇ ಒಡೆಯತ್ತೆ, ಯಾಕಂದ್ರೆ ಅರ್ಧ ಪೇಜ್ ಬರೆದು ಆದ್ಮೇಲೆ ಒಂದು ತುಂಡು ಎಲ್ಲಿಗೂ ರೀಡೈರೆಕ್ಟ್ ಆಗೋಕಾಗಲ್ಲ. ಕೊನೆಗೆ ಅವರು ಫಾರ್ಮಿನ ಆ್ಯಕ್ಷನ್ ಬೇರೆ ರೂಟಿಗೆ ಕೊಟ್ಟು ಸುಮ್ನಾಗಿದ್ರು. ನಾನೂ ಹಾಗೇ ಇಟ್ಟೆ. ಕಾಂಪೊನೆಂಟ್ ಫಾರ್ಮ್ ಫ್ಯಾಕ್ಟರಿಯಿಂದ ಫಾರ್ಮ್ ವ್ಯೂ ಮಾಡಿ ಬರೀ ತೋರಿಸತ್ತೆ, ಸಬ್ಮಿಟ್ ಆದದ್ದನ್ನ ಮಾಮೂಲಿ ಕಂಟ್ರೋಲರ್ ನೋಡ್ಕೊಂಡು ಫ್ಲ್ಯಾಶ್ ಮೆಸೇಜ್ ಹಾಕಿ ವಾಪಸ್ ಕಳಿಸತ್ತೆ. ರೀಡೈರೆಕ್ಟ್, ಫಾರ್ಮ್ ಸಬ್ಮಿಟ್ ಇವೆಲ್ಲಾ ಕಂಟ್ರೋಲರಿನ ಕೆಲಸಾನೇ, ಕಾಂಪೊನೆಂಟಿಗೆ ಕಟ್ಟಬೇಡಿ.

ಹಂತ 6: ಹೋಲ್‌ಸೇಲ್ ರೇಟು ಬೀದಿಗೆ ಬಂದದ್ದು

ಪುಸ್ತಕದ ಪೇಜಲ್ಲಿ ಅಂಗಡಿಯವರಿಗೆ ಮಾತ್ರ ಕಾಣೋ ಒಂದು ಬಾಕ್ಸ್ ಇದೆ, ಹತ್ತು ಪ್ರತಿ ತಗೊಂಡ್ರೆ ಎಷ್ಟು ಪರ್ಸೆಂಟ್, ಐವತ್ತು ತಗೊಂಡ್ರೆ ಎಷ್ಟು ಅಂತ. ಅದೂ ಎಂಬೆಡ್ ಕಂಟ್ರೋಲರ್. ಎಂಟತ್ತು ಸಾಲಿನ ಕೋಡ್, ಕಾಂಪೊನೆಂಟ್ ಮಾಡಿದೆ, ಆ್ಯಟ್ರಿಬ್ಯೂಟ್ ಸಮೇತ ಎತ್ತಿ ಅಂಟಿಸಿದೆ, ಅಂಗಡಿಯವರ ಲಾಗಿನ್‌ನಲ್ಲಿ ಡಿಫ್ ನೋಡಿದೆ, ಒಂದಕ್ಷರ ವ್ಯತ್ಯಾಸ ಇಲ್ಲ. ಲಾಗಿನ್ ಇಲ್ಲದ ಡಿಫ್ ತೆಗೆದ್ರೆ ಹಸಿರು ಬಣ್ಣದಲ್ಲಿ ಹೋಲ್‌ಸೇಲ್ ಟೇಬಲ್ ಪೂರ್ತಿ ಸೇರ್ಕೊಂಡಿದೆ. ಅಂದ್ರೆ ಯಾರು ಬೇಕಾದ್ರೂ ನೋಡ್ಬಹುದು.

ಕಾರಣ ಹುಡುಕೋದು ಕಷ್ಟ ಆಗ್ಲಿಲ್ಲ. ಹಳೇ ಕಂಟ್ರೋಲರ್ ಮೇಲೆ ಇಸ್ ಗ್ರ್ಯಾಂಟೆಡ್ ಆ್ಯಟ್ರಿಬ್ಯೂಟ್ ಇತ್ತು, ಡೀಲರ್ ರೋಲ್ ಇದ್ರೆ ಮಾತ್ರ ಅಂತ. ಅದನ್ನ ಓದೋದು ಕರ್ನಲ್ಲಿನ ಕಂಟ್ರೋಲರ್ ಇವೆಂಟುಗಳಿಗೆ ಕಿವಿ ಕೊಟ್ಟಿರೋ ಲಿಸನರ್. ಸಬ್‌ರಿಕ್ವೆಸ್ಟ್ ಇದ್ದಾಗ ಆ ಇವೆಂಟ್ ಬರ್ತಿತ್ತು, ಲಿಸನರ್ ನೋಡ್ತಿತ್ತು, ರೋಲ್ ಇಲ್ದಿದ್ರೆ ಆ್ಯಕ್ಸೆಸ್ ಡಿನೈಡ್ ಎಸೀತಿತ್ತು. ಟೆಂಪ್ಲೇಟಲ್ಲಿ ಇಗ್ನೋರ್ ಎರರ್ಸ್ ಅಂತ ಆಪ್ಷನ್ ಕೊಟ್ಟಿದ್ರಿಂದ ಆ ಎಕ್ಸೆಪ್ಶನ್ ನುಂಗಿ ಹೋಗಿ ಆ ಜಾಗ ಖಾಲಿ ಕಾಣ್ತಿತ್ತು. ಮಾಮೂಲಿ ಗಿರಾಕಿಗೆ ಬಾಕ್ಸ್ ಕಾಣದೇ ಇದ್ದದ್ದು ಎಕ್ಸೆಪ್ಶನ್ ಎಸೆದು ನುಂಗೋ ಈ ಆಟದಿಂದ! ಟ್ವಿಗ್ ಕಾಂಪೊನೆಂಟ್ ಕ್ಲಾಸ್ ಮೇಲೆ ಅದೇ ಆ್ಯಟ್ರಿಬ್ಯೂಟ್ ಅಂಟಿಸಿದ್ರೆ ಪಿಎಚ್‌ಪಿ ತಕರಾರು ಮಾಡಲ್ಲ, ಕ್ಲಾಸ್ ಮೇಲೆ ಹಾಕೋಕೆ ಅನುಮತಿ ಇರೋ ಆ್ಯಟ್ರಿಬ್ಯೂಟೇ ಅದು, ಆದ್ರೆ ಅಲ್ಲಿ ಕಂಟ್ರೋಲರ್ ಇವೆಂಟೇ ಇಲ್ಲ, ಓದೋರೂ ಇಲ್ಲ. ಬಾಗಿಲಿಗೆ ಬೀಗ ಹಾಕಿದೆ ಅಂತ ಕೋಡಲ್ಲಿ ಕಾಣತ್ತೆ, ಬಾಗಿಲು ಮಾತ್ರ ತೆಗೆದೇ ಇದೆ.

ಸರಿ ಮಾಡಿದ್ದು ಹೀಗೆ. ಕನ್‌ಸ್ಟ್ರಕ್ಟರಿಗೆ ಸೆಕ್ಯುರಿಟಿ ಸರ್ವೀಸ್ ಕೊಟ್ಟೆ, ರೇಟ್ ತರೋ ಮೆಥಡ್ ಮೊದಲು ರೋಲ್ ನೋಡತ್ತೆ, ಇಲ್ದಿದ್ರೆ ನಲ್, ಟೆಂಪ್ಲೇಟಲ್ಲಿ ನಲ್ ಆದ್ರೆ ಏನೂ ಬರೆಯಲ್ಲ. ಕರೆಯೋ ಜಾಗದಲ್ಲಿ ಇಸ್ ಗ್ರ್ಯಾಂಟೆಡ್ ಇಫ್ ಹಾಕಿದ್ರೂ ನಡೀತಿತ್ತು, ಆದ್ರೆ ಇದೇ ಕಾಂಪೊನೆಂಟನ್ನ ನಾಳೆ ಇನ್ನೊಂದು ಪೇಜಲ್ಲಿ ಕರೆಯೋರು ಆ ಇಫ್ ನೆನಪಿಟ್ಕೊಂಡಿರ್ತಾರೆ ಅನ್ನೋ ನಂಬಿಕೆ ನನಗಿಲ್ಲ. ಚೆಕ್ ಕ್ಲಾಸ್ ಒಳಗೇ ಇರ್ಲಿ. ಇದಾದ್ಮೇಲೆ ಎಂಬೆಡ್ ಆಗಿದ್ದ ಪ್ರತಿ ಕಂಟ್ರೋಲರ್ ಮೇಲಿನ ಆ್ಯಟ್ರಿಬ್ಯೂಟುಗಳನ್ನ ಒಂದು ಹಾಳೆಯಲ್ಲಿ ಬರ್ಕೊಂಡೆ, ಇಸ್ ಗ್ರ್ಯಾಂಟೆಡ್, ಕ್ಯಾಶ್, ಮ್ಯಾಪ್ ಎಂಟಿಟಿ. ಒಂದೊಂದನ್ನೂ ಈಗ ಯಾರು ಮಾಡ್ತಾರೆ ಅಂತ ಎದುರಿಗೆ ಬರೆದೆ. ಈ ಹಾಳೆ ಕೆಲಸ ಶುರು ಮಾಡೋ ಮುಂಚೆನೇ ಆಗ್ಬೇಕಿತ್ತು, ನೀವು ಮಾಡೋದಾದ್ರೆ ಅಲ್ಲಿಂದಾನೇ ಶುರು ಮಾಡಿ.

ಹಂತ 7: ಕೊರಿಯರ್ ಬಾಕ್ಸ್ ಬಿದ್ರೆ ಪೇಜೇ ಬಿತ್ತು

ಇದು ಹಂತ 6ರ ಅಣ್ಣ. ಕೊರಿಯರ್ ಸೂಚನೆ ಬಾಕ್ಸ್ ಹೊರಗಿನ ಒಂದು ಎಪಿಐ ಕೇಳಿ ಯಾವ ಕಡೆ ಡೆಲಿವರಿ ತಡ ಅಂತ ಒಂದು ಸಾಲು ತೋರಿಸತ್ತೆ. ಕಾಂಪೊನೆಂಟ್ ಮಾಡಿ ಸ್ಟೇಜಿಂಗ್‌ಗೆ ಹಾಕಿದ್ದೆ, ಚೆನ್ನಾಗೇ ಇತ್ತು. ಒಂದು ಮಧ್ಯಾಹ್ನ ಆ ಎಪಿಐ ಉತ್ತರ ಕೊಡೋದು ನಿಲ್ಸಿತು, ಸ್ಟೇಜಿಂಗ್ ಪೂರ್ತಿ 500 ಎರರ್. ಅದೇ ಹೊತ್ತಲ್ಲಿ ಲೈವ್‌ನಲ್ಲಿ ಹಳೇ ಕೋಡ್ ಓಡ್ತಿತ್ತು, ಅಲ್ಲಿ ಪೇಜ್ ತಡವಾಗಿ ಬಂತು, ಬಾಕ್ಸ್ ಖಾಲಿ, ಉಳಿದದ್ದೆಲ್ಲಾ ಸರಿ.

ಇಗ್ನೋರ್ ಎರರ್ಸ್ ಆಪ್ಷನ್ ಇಲ್ಲಿ ಯಾರೂ ಕೊಟ್ಟಿರಲಿಲ್ಲ. ಆದ್ರೆ ಕೊಡದಿದ್ರೆ ಅದರ ಡಿಫಾಲ್ಟ್ ಡೀಬಗ್ ಮೋಡಿಗೆ ಉಲ್ಟಾ, ಡೀಬಗ್ ಆಫ್ ಇದ್ರೆ ಇದು ಆನ್. ಅಂದ್ರೆ ಪ್ರಾಡ್‌ನಲ್ಲಿ ಎಂಬೆಡ್ ಕಂಟ್ರೋಲರ್ ಒಳಗೆ ಎಕ್ಸೆಪ್ಶನ್ ಬಂದ್ರೆ ಲಾಗಿಗೆ ಬರೆದು ಖಾಲಿ ತುಂಡು ಕೊಟ್ಟು ಮುಂದೆ ಹೋಗ್ತಿತ್ತು. ಇಷ್ಟು ವರ್ಷ ಆ ಬಾಕ್ಸ್ ಎಷ್ಟು ಸಲ ಬಿದ್ದಿದೆಯೋ, ಯಾರಿಗೂ ತಿಳೀಲಿಲ್ಲ. ಕಾಂಪೊನೆಂಟಿಗೆ ಅಂಥ ರಕ್ಷಣೆ ಇಲ್ಲ, ಟೆಂಪ್ಲೇಟ್ ರೆಂಡರ್ ಆಗೋವಾಗ ಎಕ್ಸೆಪ್ಶನ್ ಬಂತು ಅಂತ ಟ್ವಿಗ್ ಮೇಲಕ್ಕೆ ಎಸೆಯತ್ತೆ, ಇಡೀ ಪೇಜ್ ಹೋಗತ್ತೆ.

ಟ್ರೈ ಕ್ಯಾಚ್ ಹಾಕಿದೆ, ಆದ್ರೂ ಬಿತ್ತು. ಸಿಂಫನಿಯ ಎಚ್‌ಟಿಟಿಪಿ ಕ್ಲೈಂಟ್ ಸೋಮಾರಿ, ರಿಕ್ವೆಸ್ಟ್ ಮೆಥಡ್ ಕರೆದಾಗ ಅದು ಕಾಯಲ್ಲ, ಉತ್ತರ ಓದೋಕೆ ಹೋದಾಗ್ಲೇ ಕಾಯತ್ತೆ, ಟೈಮೌಟೂ ಅಲ್ಲೇ ಬರೋದು. ನಾನು ಟ್ರೈ ಹಾಕಿದ್ದು ರಿಕ್ವೆಸ್ಟ್ ಸಾಲಿನ ಸುತ್ತ ಮಾತ್ರ, ಟು ಅರೇ ಕರೆಯೋ ಸಾಲು ಹೊರಗಿತ್ತು. ಎರಡನ್ನೂ ಒಳಗೆ ತಂದ್ಮೇಲೆ ಸರಿಹೋಯ್ತು. ಟೈಮೌಟ್ ಬಗ್ಗೆಯೂ ಹೇಳ್ಬೇಕು. ಟೈಮೌಟ್ ಅನ್ನೋ ಆಪ್ಷನ್ ಎಷ್ಟು ಹೊತ್ತು ಸುಮ್ನೆ ಕೂತಿದ್ರೆ ಬಿಟ್ಬಿಡ್ಬೇಕು ಅನ್ನೋದು, ಒಟ್ಟು ಸಮಯ ಅಲ್ಲ, ಒಟ್ಟು ಸಮಯಕ್ಕೆ ಮ್ಯಾಕ್ಸ್ ಡ್ಯುರೇಶನ್. ಏನೂ ಕೊಡದಿದ್ರೆ ಪಿಎಚ್‌ಪಿಯ ಡಿಫಾಲ್ಟ್ ಸಾಕೆಟ್ ಟೈಮೌಟ್, ಮಾಮೂಲಾಗಿ 60 ಸೆಕೆಂಡ್. ಒಂದು ಸಾಲಿನ ಸೂಚನೆಗೆ 60 ಸೆಕೆಂಡ್ ಗಿರಾಕಿ ಯಾಕೆ ಕಾಯ್ಬೇಕು, ಎರಡಕ್ಕೂ 2 ಸೆಕೆಂಡ್ ಇಟ್ಟೆ, ಬಂದ್ರೆ ಬಂತು.

ಎಲ್ಲಾ ಕಾಂಪೊನೆಂಟಿಗೂ ಟ್ರೈ ಕ್ಯಾಚ್ ಹೊದಿಸೋದು ಬೇಡ. ಡೇಟಾಬೇಸ್ ಬಿದ್ರೆ ಪೇಜ್ ಬೀಳ್ಲಿ, ಅದು ತಿಳೀಬೇಕು. ಹೊರಗಿನವರನ್ನ ನಂಬಿರೋ ತುಂಡಿಗೆ ಮಾತ್ರ ಹಾಕಿದೆ.

ಹಂತ 8: ಕ್ಯಾಶ್

ಹೊಸ ಪುಸ್ತಕಗಳ ಬಾಕ್ಸ್ ರೆಂಡರ್ ಇಎಸ್‌ಐನಲ್ಲಿತ್ತು, ಕಂಟ್ರೋಲರ್ ಮೇಲೆ ಕ್ಯಾಶ್ ಆ್ಯಟ್ರಿಬ್ಯೂಟ್, ಒಂದು ಗಂಟೆ. ಕಾಂಪೊನೆಂಟಿಗೆ ತನ್ನದೇ ಎಚ್‌ಟಿಟಿಪಿ ರೆಸ್ಪಾನ್ಸ್ ಇಲ್ಲ, ಹಾಗಾಗಿ ಈ ಥರ ಕ್ಯಾಶ್ ಮಾಡೋಕೆ ಬರಲ್ಲ. ಮುಂದೆ ವಾರ್ನಿಶ್ (ಸೈಟಿನ ಮುಂದೆ ಕೂತು ಪೇಜು ಕ್ಯಾಶ್ ಮಾಡೋ ಸಾಫ್ಟ್‌ವೇರ್) ಇದ್ದು, ತುಂಡುಗಳನ್ನ ಬೇರೆ ಬೇರೆ ಹೊತ್ತು ಕ್ಯಾಶ್ ಮಾಡ್ತಿದ್ರೆ ಆ ತುಂಡನ್ನ ಎಂಬೆಡ್ ಕಂಟ್ರೋಲರಾಗೇ ಬಿಡಿ, ಅದು ಅದರದ್ದೇ ಜಾಗ. ಹಾಗೇ ಬಿಡೋಣ ಅಂತ ನೋಡಿದ್ರೆ ಈ ಸರ್ವರಲ್ಲಿ ವಾರ್ನಿಶ್ಶೂ ಇಲ್ಲ, ಸಿಂಫನಿಯ ಸ್ವಂತ ರಿವರ್ಸ್ ಪ್ರಾಕ್ಸಿಯೂ ಆನ್ ಇಲ್ಲ. ಮುಂದಿರೋ ಪ್ರಾಕ್ಸಿ ನನಗೆ ಇಎಸ್‌ಐ ಬರತ್ತೆ ಅಂತ ಹೆಡರ್ ಕಳಿಸದಿದ್ರೆ ಸಿಂಫನಿ ಸದ್ದಿಲ್ಲದೆ ಮಾಮೂಲಿ ಇನ್‌ಲೈನ್ ಸಬ್‌ರಿಕ್ವೆಸ್ಟ್ ಮಾಡತ್ತೆ. ಅಂದ್ರೆ ಈ ಕ್ಯಾಶ್ ಇಲ್ಲಿ ಕೆಲಸಾನೇ ಮಾಡ್ತಿರಲಿಲ್ಲ, ನೋಡ್ದೋರೆಲ್ಲಾ ಇದೊಂದು ಕ್ಯಾಶ್ ಆಗಿದೆ ಅಂತ ಸಮಾಧಾನವಾಗಿದ್ರು.

ಟ್ವಿಗ್ ಕ್ಯಾಶ್ ಎಕ್ಸ್‌ಟ್ರಾ ಹಾಕಿ ಕ್ಯಾಶ್ ಟ್ಯಾಗ್ ಬಳಸಿದೆ, ಕೀ ಒಳಗೆ ಲಿಮಿಟ್ ನಂಬರೂ ಸೇರಿಸಿ, ಟಿಟಿಎಲ್ (ಇಟ್ಕೊಳ್ಳೋ ಅವಧಿ) 3600 ಸೆಕೆಂಡ್. ಟ್ಯಾಗನ್ನ ಕಾಂಪೊನೆಂಟ್ ಟೆಂಪ್ಲೇಟಿನ ಒಳಗೇ ಇಟ್ಟೆ. ಕ್ಯಾಶಲ್ಲಿ ಸಿಕ್ಕಾಗ ಕ್ಲಾಸ್ ಹುಟ್ಟತ್ತೆ, ಆದ್ರೆ ಕಂಪ್ಯೂಟೆಡ್ ಡಾಟ್ ಬುಕ್ಸ್ ಟ್ಯಾಗಿನ ಒಳಗಿರೋದ್ರಿಂದ ಯಾರೂ ಕರೆಯಲ್ಲ, ಕ್ವೆರಿ ಇಲ್ಲ. ಮೆಥಡ್ ಮೇಲೆ ಎಕ್ಸ್‌ಪೋಸ್ ಇನ್ ಟೆಂಪ್ಲೇಟ್ ಆ್ಯಟ್ರಿಬ್ಯೂಟ್ ಹಾಕಿದ್ರೆ ಟೆಂಪ್ಲೇಟಲ್ಲಿ ಬರೀ ಬುಕ್ಸ್ ಅಂತ ಚಂದವಾಗಿ ಬರೀಬಹುದು, ಆದ್ರೆ ಅದು ಟೆಂಪ್ಲೇಟ್ ಶುರು ಆಗೋ ಮುಂಚೆನೇ ಮೆಥಡ್ ಓಡಿಸತ್ತೆ, ಕ್ಯಾಶ್ ಇದ್ರೂ ಕ್ವೆರಿ ಬೀಳತ್ತೆ. ಚಂದ ಬೇಡ ಅಂತ ಕಂಪ್ಯೂಟೆಡ್‌ನಲ್ಲೇ ಉಳಿದೆ. ಹೋಲ್‌ಸೇಲ್ ಬಾಕ್ಸ್, ಕಾರ್ಟ್ ನಂಬರ್ ಇವಕ್ಕೆ ಕ್ಯಾಶ್ ಟ್ಯಾಗ್ ಹತ್ರಾನೂ ತಂದಿಲ್ಲ, ಒಬ್ಬರದ್ದು ಇನ್ನೊಬ್ಬರಿಗೆ ಕಂಡ್ರೆ ಮುಗೀತು.

ಹಂತ 9: ಲೈವ್, ಮತ್ತೆ ಒಂದು ಫೋನು

ಟ್ವಿಗ್ ಲಿಂಟ್ ಓಡಿಸಿ, ಡೀಬಗ್ ಟ್ವಿಗ್ ಕಾಂಪೊನೆಂಟ್ ಕಮಾಂಡಲ್ಲಿ ಎಲ್ಲಾ ಹೆಸರು ಬಂದಿದೆಯಾ ನೋಡಿ, ಡಿಪ್ಲಾಯ್, ಕ್ಯಾಶ್ ಕ್ಲಿಯರ್, ಪಿಎಚ್‌ಪಿ ಎಫ್‌ಪಿಎಂ ರೀಲೋಡ್. ಪಟ್ಟಿ ಪೇಜಿನ ಸಬ್‌ರಿಕ್ವೆಸ್ಟ್ 25ರಿಂದ ಸೊನ್ನೆ. ಟೈಮ್ ಸ್ಟೇಜಿಂಗಲ್ಲಿ ಅಳೆದಾಗ ಮುಂಚಿನದರ ಅರ್ಧಕ್ಕಿಂತ ಕಮ್ಮಿ.

ಮಾರನೇ ದಿನ ಪ್ರಕಾಶಕರ ಫೋನು. "ಏನ್ ಮಾಡಿದ್ರಿ ಸ್ವಾಮಿ, ಸೈಟಿಗೆ ಜನ ಬರೋದೇ ನಿಂತೋಗಿದೆಯಲ್ಲಾ?" ಅಡ್ಮಿನ್‌ನಲ್ಲಿರೋ ವಿಸಿಟ್ ಗ್ರಾಫ್ ಪಾತಾಳಕ್ಕೆ ಇಳಿದಿತ್ತು. ಆರ್ಡರ್ ನೋಡಿದ್ರೆ ಎಂದಿನಷ್ಟೇ. ವಿಸಿಟ್ ಎಣಿಸೋದು ಸೈಟಿನದ್ದೇ ಒಂದು ಲಿಸನರ್, ಕರ್ನಲ್ ರಿಕ್ವೆಸ್ಟ್ ಇವೆಂಟ್ ಬಂದಾಗೆಲ್ಲಾ ಟೇಬಲಿಗೆ ಒಂದು ಸಾಲು ಹಾಕತ್ತೆ, ಇದು ಮುಖ್ಯ ರಿಕ್ವೆಸ್ಟಾ ಅಂತ ಕೇಳೋ ಇಸ್ ಮೇನ್ ರಿಕ್ವೆಸ್ಟ್ ಚೆಕ್ ಇರಲಿಲ್ಲ. ಪಟ್ಟಿ ಪೇಜನ್ನ ಒಬ್ಬರು ತೆಗೆದ್ರೆ 26 ವಿಸಿಟ್, 26 ಇನ್ಸರ್ಟ್. ಗ್ರಾಫಲ್ಲಿದ್ದ ಜನಸಾಗರ ಮೆನು, ಕಾರ್ಟ್, ಬೆಲೆ ಡಬ್ಬಿಗಳದ್ದು. ವಿವರಿಸೋಕೆ ಸ್ವಲ್ಪ ಹೊತ್ತು ಹಿಡೀತು, "ಹಂಗಾದ್ರೆ ಹೋದ ವರ್ಷ ನಾವು ಎಲ್ಲರಿಗೂ ಹೇಳ್ಕೊಂಡು ತಿರುಗಿದ್ದ ಲೆಕ್ಕ?" ಅಂದ್ರು, ನಾನು ಸುಮ್ನಿದ್ದೆ. ಚೆಕ್ ಸೇರಿಸಿದೆ, ಗ್ರಾಫಲ್ಲಿ ಆ ತಾರೀಖಿಗೆ ಎಣಿಕೆ ಬದಲಾಗಿದೆ ಅಂತ ಒಂದು ಗೆರೆ ಎಳೆದು ಕೊಟ್ಟೆ.

ಬಾಕಿ ಇರೋದು: ಬ್ಲಾಗ್ ಪೇಜಲ್ಲಿ ಹೊರಗಿನ ಒಂದು ಬಂಡಲಿನ ಕಾಮೆಂಟ್ ಕಂಟ್ರೋಲರ್ ಎಂಬೆಡ್ ಆಗಿದೆ, ಕೋಡ್ ನಮ್ಮದಲ್ಲ, ಪೇಜಿಗೆ ಒಂದೇ ಸಬ್‌ರಿಕ್ವೆಸ್ಟ್, ಅದನ್ನ ಮುಟ್ಟಿಲ್ಲ. ವಿಸಿಟ್ ಟೇಬಲಲ್ಲಿರೋ ಹಳೇ ಸಾಲುಗಳಲ್ಲಿ ರೂಟ್ ಹೆಸರು ಖಾಲಿ ಇರೋವೆಲ್ಲಾ ಸಬ್‌ರಿಕ್ವೆಸ್ಟಿನವು, ಡಿಲೀಟ್ ಮಾಡಿದ್ರೆ ಡೇಟಾಬೇಸ್ ಬ್ಯಾಕಪ್ ಚಿಕ್ಕದಾಗತ್ತೆ, ಆದ್ರೆ ಹಳೇ ಗ್ರಾಫೂ ಬೀಳತ್ತೆ. ಪ್ರಕಾಶಕರು ನವೆಂಬರ್ ಮುಗೀಲಿ ತಡೀರಿ ಅಂದಿದ್ದಾರೆ.